ತೋಟದಲ್ಲಿ ಫೋಟೋ, ಉಡುವುದು ಯಾವ ಸೀರೆ?

ಕಡೂರಿನ ಕಡೆಯ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ಮುಂದಿನ ತಿಂಗಳು ಅವರ ಮದುವೆಯಾಗಿ 25 ವರ್ಷ ತುಂಬುತ್ತದಂತೆ. ಮಕ್ಕಳು ಸೇರಿ ತಮ್ಮ ಅಡಿಕೆ ತೋಟದಲ್ಲೇ ಫೋಟೋ ತೆಗೆಸುವ ಏರ್ಪಾಟು ಮಾಡಿದ್ದಾರೆ. "ಗಿಳಿಹಸಿರು ರೇಷ್ಮೆ ಸೀರೆ ಉಡೋಣ ಅಂತಿದ್ದೀನಿ. ನಮ್ಮವರಿಗೂ ಅದೇ ಬಣ್ಣದ ಶರಟು ಹೊಲಿಸಿದ್ದೀನಿ. ಸರಿಹೋಗುತ್ತಾ?" ಎಂದು ಕೇಳಿದ್ದಾರೆ. ಹೊಲಿಸಿಯಾದ ಮೇಲೆ ಕೇಳಿದರೆ ನಾನೇನು ಹೇಳಲಿ ತಾಯಿ! ಆದರೂ ಹೇಳುತ್ತೇನೆ. ಹೋದ ಮಾಘ ಮಾಸದಲ್ಲಿ ನಮ್ಮ ಮನೆಯಲ್ಲೂ ಇದೇ ರಾಮಾಯಣ ನಡೆದಿತ್ತು.

ನಾವೆಲ್ಲ ಚಿಕ್ಕವರಿದ್ದಾಗ ಫೋಟೋ ಅಂದರೆ ಸ್ಟುಡಿಯೋ. ಹಿಂದೆ ಪರದೆಯ ಮೇಲೆ ಬರೆದ ಅರಮನೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಗೋಡೆಯಲ್ಲಿ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ. ಮದುವೆಯ ಸೀರೆ ಉಟ್ಟು ಕುಳಿತರೆ ಕೆಲಸ ಮುಗಿಯಿತು. ಈಗ ಮಕ್ಕಳಿಗೆ ತೋಟ, ಕೆರೆ ಏರಿ, ಬೆಟ್ಟದ ಬುಡವೇ ಆಗಬೇಕು. ಬಯಲಿನ ಬೆಳಕು ಸ್ಟುಡಿಯೋದ ದೀಪದ ಹಾಗೆ ನಮ್ಮ ಮಾತು ಕೇಳುವುದಿಲ್ಲ. ಅದಕ್ಕೇ ಬಟ್ಟೆಯ ಯೋಚನೆ ಸ್ವಲ್ಪ ಜಾಸ್ತಿ ಬೇಕು.

ನಮ್ಮ ಮಗಳ ಮದುವೆ ನಿಶ್ಚಯವಾಗಿತ್ತು. ಹೋಗುವ ಮೊದಲು ಮನೆಯವರೆಲ್ಲ ತಿಪಟೂರಿನ ಹತ್ತಿರದ ನಮ್ಮ ತೆಂಗಿನ ತೋಟದಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕೆಂದು ಅವಳ ಆಸೆ. ಮೊಬೈಲಿನಲ್ಲಿ ಏನೇನೋ ಚಿತ್ರ ನೋಡಿಕೊಂಡು, ಎಲ್ಲರೂ ಬಿಳಿ ಬಣ್ಣವನ್ನೇ ಉಡಬೇಕೆಂದು ಅಪ್ಪಣೆ ಹೊರಡಿಸಿಬಿಟ್ಟಳು. ಅಜ್ಜಿಗೂ ಒಂದು ಬಿಳಿ ಸೀರೆ ತರಿಸಿದಳು.

ನಮ್ಮತ್ತೆ ಆ ಸೀರೆಯ ಮಡಿಕೆಯನ್ನೂ ಬಿಚ್ಚಲಿಲ್ಲ. "ನಿಮ್ಮ ತಾತ ಹೋದಾಗಲೇ ನಾನು ಬಿಳಿ ಉಡಲಿಲ್ಲ. ಈಗ ಫೋಟೋಗೆ ಉಡಲೇನೇ?" ಎಂದರು. ಅಷ್ಟೇ. ಜೋರು ಮಾಡಲಿಲ್ಲ, ಅಳಲೂ ಇಲ್ಲ. 2011ರಲ್ಲಿ ನಮ್ಮ ಮಾವನವರು ತೀರಿಕೊಂಡಾಗ ನೆಂಟರಲ್ಲಿ ಕೆಲವರು ಇನ್ನು ಮೇಲೆ ಬಿಳಿ ಸೀರೆಯೇ ಸರಿ ಎಂದು ಸೂಚನೆ ಕೊಟ್ಟಿದ್ದರು. ಅತ್ತೆ ಎದುರು ಮಾತಾಡದೆ, ಕರ್ಮಾಂತರ ಮುಗಿದ ಮೇಲೆ ತಮ್ಮ ಹಳೆಯ ಬಣ್ಣದ ಸೀರೆಗಳನ್ನೇ ಉಡುತ್ತ ಬಂದರು. ಇದೆಲ್ಲ ಮಗಳಿಗೆ ಹೇಗೆ ಗೊತ್ತಿರಬೇಕು, ಆಗ ಅವಳು ಚಿಕ್ಕವಳು. ಗೊತ್ತಿದ್ದ ನಾನೂ ಬಾಯಿಮುಚ್ಚಿಕೊಂಡಿದ್ದೆನಲ್ಲ, ಅದಕ್ಕೆ ಏನು ಹೇಳೋಣ.

"ಹಾಗಾದ್ರೆ ನಾನು ಬರಲ್ಲ, ನೀವು ನೀವೇ ತೆಗೆಸಿಕೊಳ್ಳಿ" ಎಂದರು ಅತ್ತೆ. ಆಗ ನನ್ನ ಕರುಳು ಚುರುಕ್ ಎಂದಿತು. ನಮ್ಮಮ್ಮ ಹೋದಾಗ ಗೋಡೆಗೆ ಹಾಕಲು ಅವರದೊಂದು ಒಳ್ಳೆಯ ಫೋಟೋ ಇರಲಿಲ್ಲ. ಗುರುತಿನ ಚೀಟಿಯಲ್ಲಿದ್ದ ಮುಖವನ್ನೇ ದೊಡ್ಡದು ಮಾಡಿಸಿದೆವು. ಸ್ಟುಡಿಯೋದವರು ಚೆನ್ನಾಗಿ ಕಾಣಲಿ ಎಂದು ಕಂಪ್ಯೂಟರಿನಲ್ಲಿ ಯಾವುದೋ ಗುಲಾಬಿ ಸೀರೆಯನ್ನು ಕೆಳಗೆ ಅಂಟಿಸಿಕೊಟ್ಟರು. ನಮ್ಮಮ್ಮ ಜನ್ಮದಲ್ಲಿ ಗುಲಾಬಿ ಉಟ್ಟವರಲ್ಲ. ಈಗಲೂ ತವರಿಗೆ ಹೋದರೆ ಆ ಫೋಟೋಗೆ ಹೂವು ಮುಡಿಸುತ್ತೇನೆ, ಆದರೆ ಕತ್ತಿನಿಂದ ಕೆಳಗೆ ನೋಡಲು ಮನಸ್ಸು ಬರುವುದಿಲ್ಲ. ಇದನ್ನು ಮಗಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದವಳು ಬಿಳಿ ಸೀರೆಯನ್ನು ವಾಪಸು ಕಳಿಸಿದಳು. ಅವರವರ ಬಟ್ಟೆ ಅವರವರೇ ಆರಿಸಬೇಕು, ತೋಟಕ್ಕೆ ಒಪ್ಪುತ್ತದೆಯೋ ಇಲ್ಲವೋ ಮಾತ್ರ ನೋಡಬೇಕು ಎಂದು ತೀರ್ಮಾನವಾಯಿತು.

ಈ 'ಒಪ್ಪುವುದು' ಏನೆಂದು ತಿಳಿಯಲು ನಾನು ಮಾಡಿದ ಉಪಾಯ ಹೇಳುತ್ತೇನೆ. ಸಂಜೆ ನಾಲ್ಕೂವರೆಗೆ ಏಳೆಂಟು ಸೀರೆಗಳನ್ನು ತೋಟದ ಅಂಚಿನಲ್ಲಿ ಹಗ್ಗಕ್ಕೆ ಹಾಕಿ, ಹತ್ತು ಹೆಜ್ಜೆ ದೂರದಿಂದ ಮೊಬೈಲಿನಲ್ಲಿ ಫೋಟೋ ತೆಗೆದೆ. ಅಕ್ಕಪಕ್ಕದವರು ಸೀರೆ ವ್ಯಾಪಾರ ಶುರು ಮಾಡಿದಳೇನೋ ಅಂದುಕೊಂಡಿರಬೇಕು! ಎಲೆಹಸಿರು ಸೀರೆ ತೋಟದಲ್ಲೇ ಕರಗಿಹೋಯಿತು. ಅರಿಶಿನ, ಇಟ್ಟಿಗೆ ಕೆಂಪು, ಮರೂನ್, ಗಾಢ ನೀಲಿ ಎದ್ದು ಕಂಡವು. ನನ್ನ ಅಚ್ಚ ಬಿಳಿ ಸೀರೆಗೆ ಬಿಸಿಲು ಬಿದ್ದು ಅದರ ಹೂವೆಲ್ಲ ಮಾಯ, ಸುಣ್ಣದ ಗೋಡೆಯ ಹಾಗಿತ್ತು. ಕಪ್ಪಿನಲ್ಲಿ ನೆರಿಗೆ ಕಾಣಲಿಲ್ಲ. ಮೈತುಂಬ ಜರಿಯಿದ್ದದ್ದು, ನೈಲಾನ್ ಹೊಳಪಿನದು ಕಣ್ಣಿಗೆ ಹೊಡೆಯುತ್ತಿತ್ತು. ತೀರಾ ಸಣ್ಣ ಚೌಕಳಿಯದಂತೂ ಕ್ಯಾಮರಾದಲ್ಲಿ ನೀರಿನ ಅಲೆಯ ಹಾಗೆ ನಡುಗುತ್ತಿತ್ತು. ನಮ್ಮವರ ಆಫೀಸಿನ ಶರಟು ಹಾಗಾಗಿಯೇ ತಪ್ಪಿತು. ಹತ್ತಿ ಮತ್ತು ಹೊಳಪು ಕಡಿಮೆಯ ರೇಷ್ಮೆಯೇ ವಾಸಿ.

ತೆಳು ಸೀರೆ ಉಡುವವರು ಇನ್ನೊಂದು ಪರೀಕ್ಷೆ ಮಾಡಿ. ಫೋಟೋ ತೆಗೆಯುವವರು ಸೂರ್ಯನನ್ನು ನಮ್ಮ ಬೆನ್ನಿಗೆ ಮಾಡಿ ನಿಲ್ಲಿಸುವುದುಂಟು. ಆಗ ತೆಳು ಸೀರೆಯ ಒಳಗಿನ ಲಂಗ, ಕಾಲಿನ ಆಕಾರ ಎಲ್ಲ ಕಂಡುಬಿಡುತ್ತದೆ. ಉಟ್ಟುಕೊಂಡು ಬಿಸಿಲಿರುವ ಬಾಗಿಲಲ್ಲಿ ನಿಂತು, ಮನೆಯ ಹೆಣ್ಣುಮಕ್ಕಳಿಗೆ ಒಳಗಿನಿಂದ ನೋಡಲು ಹೇಳಿದರೆ ಗೊತ್ತಾಗುತ್ತದೆ. ಹೊಸ ಸೀರೆಯಾದರೆ ಮೊದಲೊಮ್ಮೆ ಉಟ್ಟು ಮೆತ್ತಗೆ ಮಾಡಿಕೊಳ್ಳಿ. ಗಾಳಿಗೆ ಸೆರಗು ನಿಲ್ಲುವುದಿಲ್ಲ, ಪಿನ್ನು ನಾಲ್ಕು ಜಾಸ್ತಿಯೇ ಇರಲಿ. ಗಂಡಸರ ಜೇಬಿನಿಂದ ಮೊಬೈಲು, ಪೆನ್ನು ತೆಗೆಸುವುದು ನಿಮ್ಮ ಜವಾಬ್ದಾರಿ, ಅವರಿಗೆ ನೆನಪಿರುವುದಿಲ್ಲ.

ಅತ್ತೆ ಆರಿಸಿದ್ದು ದಾಳಿಂಬೆ ಬಣ್ಣದ ಇಳಕಲ್ ಸೀರೆ. ಮಾವನವರು ಬಾಗಲಕೋಟೆಗೆ ವರ್ಗವಾಗಿದ್ದಾಗ ತಂದದ್ದು. ಮೈ ಹತ್ತಿ, ಸೆರಗು ಕೆಂಪು ರೇಷ್ಮೆ, ಅದರಲ್ಲಿ ಗೋಪುರದಂಥ ಬಿಳಿ ತೆನೆಗಳು. ಹತ್ತಿಯ ಮೈಗೂ ರೇಷ್ಮೆಯ ಸೆರಗಿಗೂ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಸೇರಿಸುತ್ತಾರೆ, ಅದೇ ಆ ಊರಿನ ನೇಕಾರರ ಕೈಚಳಕ. ಸೀರೆಯ ಅಂದವೆಲ್ಲ ಸೆರಗಿನಲ್ಲಿ, ಸೆರಗು ಮಾತ್ರ ಬೆನ್ನ ಹಿಂದೆ! ಅದಕ್ಕೆ ಅತ್ತೆ ಸೆರಗನ್ನು ಬಲಭುಜದ ಮೇಲಿಂದ ಮುಂದಕ್ಕೆ ಹೊದ್ದರು. ಹಿಂದಿನವರು ಹೊದೆಯುತ್ತಿದ್ದದ್ದೂ ಹಾಗೇ ತಾನೆ.

ಏಳು ಗಂಟೆಗೇ ತೋಟ ಸೇರಿ ಎಂಟೂವರೆಯೊಳಗೆ ಮುಗಿಸಿದೆವು. ಬಿಸಿಲೇರಿದರೆ ಕಣ್ಣ ಕೆಳಗೆ ಕಪ್ಪು ನೆರಳು, ಮರದಡಿ ನಿಂತರೆ ಮುಖದ ಮೇಲೆ ರಂಗೋಲಿ ಪುಡಿ ಚೆಲ್ಲಿದ ಹಾಗೆ ಬಿಸಿಲಿನ ಚುಕ್ಕಿ. ಫೋಟೋ ಹುಡುಗ ಜಾಣ, ತೋಟದ ಅಂಚಿನ ನೆರಳಿನಲ್ಲಿ ನಮ್ಮನ್ನು ಬಯಲಿಗೆ ಮುಖಮಾಡಿ ನಿಲ್ಲಿಸಿದ. ಕನ್ನಡಕದವರಿಗೆ ಗದ್ದ ಒಂಚೂರು ಇಳಿಸಲು ಹೇಳಿದ. ಮಗಳು ಅರಿಶಿನ, ನಾನು ನೀಲಿ, ನಮ್ಮವರು ಕೆನೆಬಣ್ಣದ ಜುಬ್ಬ. ಯಾರೊಬ್ಬರದೂ ಒಂದೇ ಬಣ್ಣವಲ್ಲ, ಆದರೂ ಒಂದೇ ಮನೆಯವರ ಹಾಗೇ ಕಾಣುತ್ತೇವೆ.

ಕೊನೆಯಲ್ಲಿ ಅತ್ತೆ, "ನನ್ನದೊಂದು ಬೇರೆ ತೆಗಿಯಪ್ಪ" ಎಂದರು. ಹುಡುಗ ತೆಗೆದು ತೋರಿಸಿದ. ಕನ್ನಡಕ ಸರಿಮಾಡಿಕೊಂಡು ನೋಡಿ, "ಸೆರಗು ಚೆನ್ನಾಗಿ ಬಂದಿದೆ. ಇದನ್ನ ದೊಡ್ಡದು ಮಾಡ್ಸಿಡ್ರೇ, ಆಮೇಲೆ ಹುಡುಕಾಡ್ಬೇಡಿ" ಎಂದರು. ಮಗಳು ಅಜ್ಜಿಯನ್ನು ಗದರಿಸಿದಳು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುವ ನೆಪದಲ್ಲಿ ಆ ಕಡೆ ತಿರುಗಿದೆ.

ಕಡೂರಿನ ಸೋದರಿಗೆ ಉತ್ತರ ಬಾಕಿ ಉಳಿಯಿತು. ಗಿಳಿಹಸಿರು ಸೀರೆಯನ್ನು ಅಂದಿನ ಪೂಜೆಗೆ ಉಡಿ. ಅಡಿಕೆ ಮರಗಳ ನಡುವೆ ಅದು ಎದ್ದು ಕಾಣುವುದಿಲ್ಲ, ಮೇಲಾಗಿ ಅದರ ಹಸಿರು ಗದ್ದದ ಕೆಳಗೆ ಹೊಡೆಯುತ್ತದೆ. ಯಜಮಾನರ ಶರಟಿನ ಬಗ್ಗೆ ಬೇಸರ ಬೇಡ, ಉಗಾದಿಗಾಯಿತು. 25 ವರ್ಷದ ಹಿಂದಿನ ಧಾರೆ ಸೀರೆ ಪೆಟ್ಟಿಗೆಯಲ್ಲಿದ್ದರೆ ಇವತ್ತೇ ತೆಗೆದು ಮಡಿಕೆ ಬಿಚ್ಚಿ ನೋಡಿ. ಮಡಿಕೆಯಲ್ಲಿ ಸೀಳದಿದ್ದರೆ, ನೆರಳಲ್ಲಿ ಗಾಳಿಗೆ ಹಾಕಿ. ಬಣ್ಣ ಯಾವುದೆಂದು ನೀವು ಬರೆದಿಲ್ಲ. ಹಸಿರಲ್ಲದಿದ್ದರೆ ಅದನ್ನೇ ಉಡಿ. ಹೊಸ ರವಿಕೆಗೆ ಮಾತ್ರ ಈ ವಾರವೇ ಅಳತೆ ಕೊಟ್ಟುಬಿಡಿ, ಹಳೆಯದು ನಮ್ಮ ಯಾರಿಗೂ ಆಗುವುದಿಲ್ಲ.