ಹಾಡಿದವರು ಗೊತ್ತು, ನುಡಿಸಿದವರು ಯಾರು?

ನವೆಂಬರ್ ಬಂದರೆ ಕೆಂಗೇರಿಯಲ್ಲಿ ಬೀದಿಗೊಂದು ರಾಜ್ಯೋತ್ಸವ, ಜೊತೆಗೊಂದು ಆರ್ಕೆಸ್ಟ್ರಾ. ಕತ್ತಲಾಗುತ್ತಲೇ ಜನರ ನಡುವಿಂದ ಕೂಗು ಏಳುತ್ತದೆ: ‘ಇಫ್ ಯು ಕಮ್ ಟುಡೇ’ ಹಾಡ್ರಪ್ಪಾ!

1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದ ಹಾಡು ಅದು. ಸಂಗೀತ ಜಿ.ಕೆ. ವೆಂಕಟೇಶ್, ಇಂಗ್ಲಿಷಿನಲ್ಲಿ ಹಾಡಿದವರು ಡಾ. ರಾಜ್‌ಕುಮಾರ್. ಫೋನಿನಲ್ಲಿ ಅದರ ತುಣುಕು ನೋಡಿ ನಗುವವರು ನಗಲಿ. ನಮ್ಮ ತಕರಾರು ಕುಣಿಯುವ ಅಭಿಮಾನಿಗಳ ಮೇಲೆ, ಅಂದರೆ ನಮ್ಮ ಮೇಲೆಯೇ.

ಆ ಕಾಲದ ಫಂಕ್ ಸಂಗೀತದಲ್ಲಿ ತಾಳವೇ ಯಜಮಾನ. ನಮ್ಮನ್ನು ಕುಣಿಸುವುದು ಬಾಸ್ ಗಿಟಾರ್, ಡ್ರಮ್ಸ್. ಆದರೆ ನಮ್ಮ ಬ್ಯಾನರಿನಲ್ಲಿ ಮುಖಂಡರ ಫೋಟೊ ಸಾಲುಸಾಲು, ನುಡಿಸುವವರ ಹೆಸರು ಒಂದೂ ಇಲ್ಲ. ಚಂದಾ ಕಡಿಮೆಯಾದರೆ ಮೊದಲ ಕತ್ತರಿ ಅವರಿಗೇ: ‘ಡ್ರಮ್ಸ್ ಬೇಡ, ಟ್ರ್ಯಾಕ್ ಹಾಕಿ.’

ಟ್ರ್ಯಾಕ್ ಅಗ್ಗ, ಒಪ್ಪೋಣ. ಆದರೆ ಜನ ಎದ್ದು ಕುಣಿದಾಗ ಟ್ರ್ಯಾಕ್ ತಾಳ ಬಿಗಿಮಾಡುವುದಿಲ್ಲ. ಹಿಂದೆ ಕೂತವರೆಂದರೆ ಸಣ್ಣವರೇ? ಇಳಯರಾಜ ಕೂಡ ಇದೇ ವೆಂಕಟೇಶರ ಬಳಿ ಸಹಾಯಕರಾಗಿದ್ದವರು.

ನಿಮ್ಮೂರಿನ ಸಮಿತಿ ಸಭೆಯಲ್ಲಿ ಈ ಸಲ ಎರಡೇ ಮಾತು ಕೇಳಿ. ಬ್ಯಾನರಿನಲ್ಲಿ ವಾದ್ಯದವರ ಹೆಸರು ಹಾಕ್ತೀರಾ? ವೇದಿಕೆ ಇಳಿಯುವ ಮುಂಚೆ ಅವರ ಕೈಗೆ ದುಡ್ಡು ಕೊಡ್ತೀರಾ? ಇಷ್ಟೂ ಆಗದಿದ್ದರೆ ‘ಒನ್ಸ್ ಮೋರ್’ ಅಂತ ಕೂಗುವ ಹಕ್ಕು ನಮಗಿಲ್ಲ.