ತುಕ್ಕಿನ ಬೆಲೆ

ನಮ್ಮ ಊರ ಮನೆಯ ಹಿತ್ತಿಲ ಬಾವಿಯಲ್ಲಿ ಹಿಂದೊಮ್ಮೆ ಒಂದು ತಾಮ್ರದ ಕೊಡ ಬಿದ್ದುಹೋಯಿತು. ನೆರೆಮನೆಯಿಂದ ಪಾತಾಳಗರಡಿಯನ್ನು ಎರವು ತಂದು ಎರಡು ದಿನ ಬಾವಿಯ ತಳವನ್ನೆಲ್ಲ ತಡಕಿದರೂ ಅದು ಸಿಕ್ಕಲಿಲ್ಲ. ಹಲವು ವರ್ಷಗಳ ಮೇಲೆ ಒಂದು ಬೇಸಗೆಯಲ್ಲಿ ಹೂಳೆತ್ತಿಸಿದಾಗ ಕೊಡ ತಾನಾಗಿ ಮೇಲೆ ಬಂತು. ಮೈಯೆಲ್ಲ ಕಪ್ಪಿಟ್ಟಿತ್ತು; ಒಂದು ಪಕ್ಕ ನೆಗ್ಗಿತ್ತು; ಕಂಠದ ಸುತ್ತ ಹಸುರು ಕಿಲುಬು ಹತ್ತಿತ್ತು. ಕಿಲುಬಿನ ನಡುವೆ, ಚುಕ್ಕಿ ಚುಕ್ಕಿಯಾಗಿ ಕೊರೆದ ನಮ್ಮ ಅಜ್ಜಿಯ ಹೆಸರೂ ಅವಳ ಮದುವೆಯಾದ ಸಂವತ್ಸರವೂ ಮಸುಕಾಗಿ ಕಾಣುತ್ತಿದ್ದುವು. ಅಜ್ಜಿ ಆ ವೇಳೆಗೆ ತೀರಿಕೊಂಡಿದ್ದಳು. ನಾನು ಅತಿ ಉತ್ಸಾಹದಿಂದ ಕೊಡವನ್ನು ಪೇಟೆಗೆ ಒಯ್ದು, "ಹೊಸದರಂತೆ ಮಾಡಿಕೊಡಬೇಕು" ಎಂದು ಹೇಳಿ ಕೊಟ್ಟು ಬಂದೆ. ಕೆಲಸಗಾರ ಮಾತಿಗೆ ತಪ್ಪಲಿಲ್ಲ. ನೆಗ್ಗು ತೆಗೆದು, ಅರದಿಂದ ಉಜ್ಜಿ, ಫಳಫಳ ಹೊಳೆಯುವಂತೆ ಮಾಡಿ ಕೊಟ್ಟ. ಮನೆಗೆ ತಂದು ಅಮ್ಮನ ಮುಂದಿಟ್ಟಾಗ ಅವಳು ಕಂಠದ ಸುತ್ತ ಬೆರಳಾಡಿಸಿ, "ಹೆಸರೆಲ್ಲಿ?" ಎಂದಳು. ಅಷ್ಟೇ ಅಂದದ್ದು.

ಈ ಹಳೆಯ ಸಂಗತಿ ಈಗ ಮತ್ತೆ ನೆನಪಿಗೆ ಬರಲು ಕಾರಣವಿದೆ. ನಮ್ಮ ಬಾವಿಗಿಂತ ಬಹು ದೊಡ್ಡ ನೀರಿನಲ್ಲಿ ಬಿದ್ದು, ಎಪ್ಪತ್ತಮೂರು ವರ್ಷ ಅಲ್ಲಿಯೇ ಇದ್ದು, ಆಮೇಲೆ ಮೇಲೆ ಬಂದ ಒಂದು ಪಂದ್ಯದ ಕಾರಿನ ವೃತ್ತಾಂತವನ್ನು ಈಚೆಗೆ ಓದಿದೆ. ಅದನ್ನು ವಾಚಕರಿಗೆ ಹೇಳಬೇಕೆನಿಸಿತು.

ಸ್ವಿಟ್ಸರ್ಲೆಂಡ್ ಮತ್ತು ಇಟಲಿ ದೇಶಗಳ ಎಲ್ಲೆಯನ್ನು ದಾಟಿ ಹರಡಿಕೊಂಡಿರುವ ಮಾಜೋರೆ ಸರೋವರದ ಸ್ವಿಸ್ ದಡದಲ್ಲಿ ಆಸ್ಕೋನ ಎಂಬ ಸಣ್ಣ ಊರಿದೆ. ಅಲ್ಲಿ ಸುಮಾರು 53 ಮೀಟರು ಆಳದಲ್ಲಿ, ಎಂದರೆ ನಮ್ಮ ಕಡೆಯ ನಾಲ್ಕೈದು ಬಾವಿಗಳನ್ನು ಒಂದರ ಮೇಲೊಂದು ಇಟ್ಟಷ್ಟು ಕೆಳಗೆ, 1925ರ ಒಂದು ಬುಗಾಟ್ಟಿ ಕಾರು ಮಗ್ಗುಲಾಗಿ ಮಲಗಿತ್ತು. ಅದನ್ನು ತಯಾರಿಸಿದ ಎತ್ತೊರೆ ಬುಗಾಟ್ಟಿ 1881ರಲ್ಲಿ ಮಿಲಾನಿನಲ್ಲಿ ಹುಟ್ಟಿದವನು. ತಂದೆ ಪೀಠೋಪಕರಣಗಳನ್ನು ರಚಿಸುವ ಕಲಾವಿದ, ತಮ್ಮ ಶಿಲ್ಪಿ. ಇವನು ಮಾತ್ರ ಯಂತ್ರದ ಕಡೆಗೆ ತಿರುಗಿ, 1909ರಲ್ಲಿ ಅಲ್ಸೇಸಿನ ಮೊಲ್ಸೈಮ್ ಎಂಬಲ್ಲಿ ಕಾರ್ಖಾನೆ ತೆರೆದ. 1921ರಲ್ಲಿ ಇಟಲಿಯ ಬ್ರೆಶಿಯ ಪಟ್ಟಣದಲ್ಲಿ ನಡೆದ ಪಂದ್ಯದಲ್ಲಿ ಅವನ ಸಣ್ಣ ಕಾರುಗಳು ಮೊದಲ ನಾಲ್ಕು ಸ್ಥಾನಗಳನ್ನೂ ಗಿಟ್ಟಿಸಿದುವು. ಅಲ್ಲಿಂದ ಮುಂದೆ ಆ ಬಗೆಯ ಕಾರುಗಳಿಗೆ 'ಬ್ರೆಶಿಯ' ಎಂಬ ಹೆಸರೇ ನಿಂತಿತು. ನಾಲ್ಕು ಸಿಲಿಂಡರು, ಹದಿನಾರು ವಾಲ್ವುಗಳ ಪುಟ್ಟ ಎಂಜಿನಿನ ಈ ಕಾರು ಆ ಕಾಲಕ್ಕೆ ಗಾಳಿಯ ಕುದುರೆ ಎನ್ನಿಸಿಕೊಂಡಿತ್ತು.

ಅಂಥ ಕಾರು ಸರೋವರಕ್ಕೆ ಬಿದ್ದುದಾದರೂ ಹೇಗೆ? ಪ್ಯಾರಿಸಿನಲ್ಲಿ ಇಸ್ಪೀಟಾಟದಲ್ಲಿ ಅದನ್ನು ಗೆದ್ದವನೊಬ್ಬ ಗಡಿಯಲ್ಲಿ ಸುಂಕ ಕೊಡಲಾಗದೆ ಬಿಟ್ಟುಹೋದನೆಂದು ಒಂದು ಸೊಗಸಾದ ಕಥೆಯಿದೆ. ಇನ್ನೊಂದು ವೃತ್ತಾಂತದ ಪ್ರಕಾರ, ಆಸ್ಕೋನದಲ್ಲಿ ವಾಸವಾಗಿದ್ದ ಒಬ್ಬ ವಾಸ್ತುಶಿಲ್ಪಿ ಫ್ರಾನ್ಸಿನಿಂದ ತಂದ ಕಾರಿಗೆ ಸುಂಕ ತೆರದೆ 1936ರಲ್ಲಿ ಊರು ಬಿಟ್ಟ. ಎರಡು ಕಥೆಗಳಲ್ಲಿಯೂ ಸುಂಕವೇ ಖಳನಾಯಕ. ಸುಂಕ ಕಟ್ಟದ ವಸ್ತುವನ್ನು ನಾಶಪಡಿಸಬೇಕೆಂಬುದು ಕಟ್ಟಳೆ. ಅಧಿಕಾರಿಗಳು ಕಾರನ್ನು ಸರಪಣಿಗೆ ಕಟ್ಟಿ ನೀರಿಗೆ ಇಳಿಬಿಟ್ಟರಂತೆ. ಮುಂದೆ ಎಂದಾದರೂ ಯಾರಾದರೂ ಎತ್ತಿಕೊಳ್ಳಲಿ ಎಂಬ ಕನಿಕರವೂ ಆ ಸರಪಣಿಯಲ್ಲಿ ಇದ್ದಿರಬೇಕು. ಯಾರೂ ಬರಲಿಲ್ಲ. ಸರಪಣಿ ತುಕ್ಕು ತಿಂದು ಕಡಿದುಹೋಯಿತು. ಕಾರು ಪಾತಾಳಕ್ಕೆ ಇಳಿಯಿತು.

1967ರಲ್ಲಿ ಒಬ್ಬ ಮುಳುಗುಗಾರ ಅದನ್ನು ಕಂಡುಹಿಡಿದ. ಅಂದಿನಿಂದ ನಾಲ್ಕು ದಶಕ ಅದು ಆ ಊರಿನ ಮುಳುಗುಗಾರರ ಗುಟ್ಟಿನ ಯಾತ್ರಾಸ್ಥಳದಂತೆ ಇತ್ತು. ನೋಡಿ ಬರುವುದು, ಮುಟ್ಟಿ ಬರುವುದು. ಎತ್ತುವ ಯೋಚನೆ ಇಲ್ಲ. ಆ ಯೋಚನೆ ಬಂದುದು ಒಂದು ದುಃಖದಿಂದ. 2008ರ ಫೆಬ್ರವರಿಯಲ್ಲಿ, ನೆರೆಯ ಲೊಕಾರ್ನೊ ಪಟ್ಟಣದಲ್ಲಿ ಕಾರ್ನಿವಲ್ ಉತ್ಸವದ ರಾತ್ರಿ, ಇಪ್ಪತ್ತೆರಡು ವಯಸ್ಸಿನ ಒಬ್ಬ ವಿದ್ಯಾರ್ಥಿಯನ್ನು ಮೂವರು ತರುಣರು ಕಾರಣವಿಲ್ಲದೆ ಹೊಡೆದು ಕೊಂದರು. ಅವನ ಹೆಸರಿನಲ್ಲಿ ಯುವಜನರ ಹಿಂಸಾಚಾರವನ್ನು ತಡೆಯಲು ದುಡಿಯುವ ಒಂದು ಪ್ರತಿಷ್ಠಾನ ಹುಟ್ಟಿತು. ಅದಕ್ಕೆ ನಾವೇನು ಕೊಡಬಲ್ಲೆವು ಎಂದು ಮುಳುಗುಗಾರರು ಕೇಳಿಕೊಂಡಾಗ ಅವರ ಬಳಿ ಇದ್ದುದು ಆ ಸರೋವರದ ತಳದ ಕಾರು ಒಂದೇ. 2009ರ ಜುಲೈ 12ರಂದು ಅದನ್ನು ಮೇಲೆತ್ತಿದರು. 2010ರ ಜನವರಿಯಲ್ಲಿ ಪ್ಯಾರಿಸಿನ ಹರಾಜಿನಲ್ಲಿ ಅದು 2,60,500 ಯೂರೋಗಳಿಗೆ ಹೋಯಿತು. ಆ ಹಣ ಪ್ರತಿಷ್ಠಾನಕ್ಕೆ ಸಂದಿತು.

ಮೇಲೆ ಬಂದಾಗ ಕಾರಿನ ಒಂದು ಪಕ್ಕ ಜರಡಿಯಾಗಿತ್ತು. ಕೆಸರಿನಲ್ಲಿ ಹೂತಿದ್ದ ಪಕ್ಕ ಅದಕ್ಕಿಂತ ಮೇಲಾಗಿ ಉಳಿದಿತ್ತು. ಇದರಲ್ಲಿ ಮಾಯವೇನೂ ಇಲ್ಲ. ಕಬ್ಬಿಣ ತುಕ್ಕು ಹಿಡಿಯಬೇಕಾದರೆ ನೀರು ಮಾತ್ರ ಸಾಲದು, ಆಮ್ಲಜನಕವೂ ಬೇಕು. ತೊಳೆದು ಒರಸದೆ ಇಟ್ಟ ದೋಸೆಕಾವಲಿ ಬೆಳಗಾಗುವುದರೊಳಗೆ ಕೆಂಪಾಗುವುದನ್ನು ನಮ್ಮ ಗೃಹಿಣಿಯರು ಬಲ್ಲರು. ಅಲ್ಲಿ ಎರಡೂ ಧಾರಾಳವಾಗಿ ಸಿಕ್ಕುತ್ತವೆ. ಆಳದ ತಣ್ಣನೆಯ ನೀರಿನಲ್ಲಿ ಆ ಕೆಲಸ ನಿಧಾನ. ಕೆಸರಿನೊಳಗೆ ಆಮ್ಲಜನಕ ಇಳಿಯುವುದು ಇನ್ನೂ ಕಷ್ಟವಾದುದರಿಂದ ಮತ್ತಷ್ಟು ನಿಧಾನ. ಕಾರಿಗೆ ಮೆತ್ತಿದ ಕೆಸರೇ ಅದಕ್ಕೆ ಕವಚವಾಗಿತ್ತು.

ನೀರಿಗೆ ಬಿದ್ದು ಕೆಟ್ಟುದು ಒಂದು ಬಗೆ. ನೆಲದ ಮೇಲೆ ಯಜಮಾನನ ಕಣ್ಣೆದುರಿಗೇ ಕೆಡುವುದು ಇನ್ನೊಂದು ಬಗೆ. ಪಶ್ಚಿಮ ಫ್ರಾನ್ಸಿನ ರೋಜೆ ಬಯ್ಯೋಂ ಎಂಬ ಲಾರಿ ಕಂಪೆನಿಯ ಒಡೆಯನಿಗೆ ಮೋಟಾರು ವಾಹನಗಳ ವಸ್ತುಸಂಗ್ರಹಾಲಯವನ್ನು ಕಟ್ಟಬೇಕೆಂಬ ಕನಸಿತ್ತು. ಗುಜರಿಗೆ ಹೋಗಬೇಕಾಗಿದ್ದ ಎಷ್ಟೋ ಹಳೆಯ ಕಾರುಗಳನ್ನು ಅವನು ಕೊಂಡು ತಂದು ತನ್ನ ತೋಟದಲ್ಲಿ ನಿಲ್ಲಿಸಿದ. ಒಂದೊಂದಾಗಿ ದುರಸ್ತು ಮಾಡಿಸುವುದೆಂದು ಎಣಿಸಿದ್ದ. 1970ರ ದಶಕದಲ್ಲಿ ವ್ಯಾಪಾರ ಮುರಿಯಿತು. ಕೆಲವು ಕಾರುಗಳು ಮಾರಾಟವಾದುವು. ಉಳಿದುವು ತಗಡಿನ ಚಪ್ಪರಗಳ ಕೆಳಗೆ ನಿಂತಲ್ಲೇ ನಿಂತುವು. ಬಳ್ಳಿ ಹಬ್ಬಿತು, ತಗಡು ತೂತಾಯಿತು, ಮಳೆ ಇಳಿಯಿತು. 2014ರಲ್ಲಿ, ತಂದೆ ಮಗ ಇಬ್ಬರೂ ತೀರಿಕೊಂಡ ಮೇಲೆ, ಮೊಮ್ಮಕ್ಕಳು ಹರಾಜಿನವರನ್ನು ಕರೆಸಿದರು. ಬಂದವರು ಅಲ್ಲಿ ಸುಮಾರು ಅರುವತ್ತು ಕಾರುಗಳನ್ನು ಕಂಡರು. ಒಂದು ಕೊಟ್ಟಿಗೆಯಲ್ಲಿ ಹಳೆಯ ಪತ್ರಿಕೆಗಳ ರಾಶಿಯ ಕೆಳಗೆ ಒಂದು ಫೆರಾರಿ ಇತ್ತು. ಫ್ರೆಂಚ್ ಚಿತ್ರನಟ ಅಲೆನ್ ಡೆಲೋನ್ ಒಂದು ಕಾಲದಲ್ಲಿ ಓಡಿಸುತ್ತಿದ್ದ ಕಾರು! 2015ರ ಫೆಬ್ರವರಿಯಲ್ಲಿ ಅದೊಂದೇ ಸುಮಾರು 1 ಕೋಟಿ 63 ಲಕ್ಷ ಯೂರೋಗಳಿಗೆ ಮಾರಾಟವಾಯಿತು.

ಇದನ್ನು ಓದಿದ ದಿನವೇ ನಾನು ನಮ್ಮ ಮನೆಯ ಅಟ್ಟವನ್ನು ಹತ್ತಿ ಹಳೆಯ ವಾರಪತ್ರಿಕೆಗಳ ಕಟ್ಟುಗಳನ್ನು ಸರಿಸಿ ನೋಡಿದೆ. ಸಿಕ್ಕಿದುದು ಒಂದು ಕಾಲು ಮುರಿದ ಮಣೆ, ಎರಡು ಜಿರಲೆ. ಮನೆಯಾಕೆಯ ಪ್ರಶ್ನೆಗಳಿಗೆ ಉತ್ತರ ಹೇಳುವುದು ಮಾತ್ರ ಕಷ್ಟವಾಯಿತು.

ವಿನೋದ ಹಾಗಿರಲಿ. ಹರಾಜಿನವರು ಆ ಕಾರುಗಳನ್ನು ತೊಳೆದು ಬಣ್ಣ ಬಳಿದು ಮಾರಲಿಲ್ಲ; ಧೂಳು ತುಕ್ಕುಗಳ ಸಮೇತ, ಕಂಡಂತೆಯೇ ಪ್ರದರ್ಶನಕ್ಕಿಟ್ಟರು. ಜನ ಸಾಲುಗಟ್ಟಿ ಬಂದು ನೋಡಿದರು. ಅವರು ನೋಡಿದುದರಲ್ಲಿ ಕಾರು ಅರ್ಧ; ಮುರಿದುಬಿದ್ದ ಒಬ್ಬ ಮನುಷ್ಯನ ಕನಸು ಇನ್ನರ್ಧ.

ಬಯ್ಯೋಂ ಕನಸುಗಾರನಾದರೆ, ಅಮೆರಿಕದ ಲಾಸ್ ಏಂಜಲಿಸ್ ನಗರದ ರೂಡಿ ಕ್ಲೈನ್ ಅಪ್ಪಟ ಗುಜರಿ ವ್ಯಾಪಾರಿ. ಜರ್ಮನಿಯಿಂದ ವಲಸೆ ಬಂದ ಈತ 1960ರ ದಶಕದ ಕೊನೆಯ ಭಾಗದಲ್ಲಿ, ಅಪಘಾತಕ್ಕೆ ಸಿಕ್ಕಿದ ಯೂರೋಪಿನ ಕಾರುಗಳನ್ನು ಕೊಂಡು, ಬಿಚ್ಚಿ, ಬಿಡಿಭಾಗಗಳನ್ನು ಮಾರುವ ಅಂಗಳವೊಂದನ್ನು ತೆರೆದ. ಪೋರ್ಷೆ ಕಾರುಗಳ ಹೆಸರನ್ನೇ ಅಂಗಡಿಗೆ ಇಟ್ಟು, ಆಕ್ಷೇಪಣೆಗೆ ಅಂಜಿ ಅದರ ಇಂಗ್ಲಿಷ್ ಕಾಗುಣಿತದಿಂದ ಒಂದು ಅಕ್ಷರವನ್ನು ಕಿತ್ತುಹಾಕಿದನೆಂದು ಹೇಳುತ್ತಾರೆ. ವ್ಯಾಪಾರದಲ್ಲಿ ಇಷ್ಟು ಚುರುಕಾದವನಿಗೂ ಒಂದು ದೌರ್ಬಲ್ಯವಿತ್ತು: ಕೆಲವು ಕಾರುಗಳನ್ನು ಅವನು ಬಿಚ್ಚಲೂ ಇಲ್ಲ, ಮಾರಲೂ ಇಲ್ಲ. ಪೋರ್ಷೆಗಳ ಒಡಲುಗಳು ಒಂದರ ಮೇಲೊಂದು ಬಿಸಿಲಿನಲ್ಲಿ ಒಟ್ಟಿದ್ದ ಆ ಅಂಗಳದ ಒಳಗೆ, ಜರ್ಮನಿಯ ಪ್ರಖ್ಯಾತ ಪಂದ್ಯವೀರ ರುಡಾಲ್ಫ್ ಕರಾಚಿಯೋಲನಿಗಾಗಿ 1935ರಲ್ಲಿ ವಿಶೇಷವಾಗಿ ಕಟ್ಟಿದ ಮರ್ಸಿಡಿಸ್ ಇತ್ತು. ಬಾಗಿಲುಗಳು ಹಕ್ಕಿಯ ರೆಕ್ಕೆಗಳಂತೆ ಮೇಲಕ್ಕೆ ತೆರೆಯುವ, ಅಲ್ಯೂಮಿನಿಯಂ ಒಡಲಿನ ಮರ್ಸಿಡಿಸ್ ಒಂದಿತ್ತು. ಆ ಬಗೆಯವು ಪ್ರಪಂಚದಲ್ಲಿ ತಯಾರಾದುದೇ 29. ಕ್ಲೈನ್ 2001ರಲ್ಲಿ ತೀರಿಕೊಂಡ. ಮಕ್ಕಳು ಗೇಟು ಮುಚ್ಚಿ ಎಲ್ಲವನ್ನೂ ಹಾಗೆಯೇ ಕಾದಿಟ್ಟರು. 2024ರ ಅಕ್ಟೋಬರಿನಲ್ಲಿ ಹರಾಜು ನಡೆದಾಗ ಆ ರೆಕ್ಕೆಬಾಗಿಲಿನ ಕಾರಿಗೆ 93 ಲಕ್ಷ ಡಾಲರಿಗೂ ಹೆಚ್ಚು ಬೆಲೆ ಬಂತು.

ಇವೆಲ್ಲ ಹೇಗೂ ಕಾರಿನ ಆಕಾರದಲ್ಲಿದ್ದುವು. ಆಕಾರವನ್ನೇ ಕಳೆದುಕೊಂಡುದಕ್ಕೂ ಬೆಲೆ ಬಂದುದುಂಟು. 1954ರ ಒಂದು ಫೆರಾರಿ ಮೊಂಡಿಯಾಲ್ ಕಾರು ಅದೇ ವರ್ಷ ಇಟಲಿಯ ಸಾವಿರ ಮೈಲಿಯ ಪಂದ್ಯದಲ್ಲಿ ಓಡಿ ಹದಿನಾಲ್ಕನೆಯದಾಗಿ ಬಂದಿತ್ತು. ಮುಂದೆ ಅಮೆರಿಕಕ್ಕೆ ಹೋಗಿ, 1960ರ ದಶಕದಲ್ಲಿ ಅಪಘಾತಕ್ಕೆ ಸಿಕ್ಕಿ ಸುಟ್ಟುಹೋಯಿತು. ಉಳಿದುದು ಮುದುರಿ ಎಸೆದ ಕಾಗದದಂಥ ಲೋಹದ ಮುದ್ದೆ. 2023ರ ಆಗಸ್ಟಿನಲ್ಲಿ ಆ ಮುದ್ದೆಯನ್ನು 18,75,000 ಡಾಲರು ಕೊಟ್ಟು ಕೊಂಡವರಿದ್ದಾರೆ.

ಇದು ಹುಚ್ಚಲ್ಲವೆ ಎಂದು ವಾಚಕರು ಕೇಳಬಹುದು. ಹುಚ್ಚಿನ ಪಾಲು ಇಲ್ಲದೆ ಇಲ್ಲ. ಆದರೆ ಅದರ ಒಳಗೆ ಒಂದು ಲೆಕ್ಕಾಚಾರವೂ ಇದೆ. ಪ್ರತಿಯೊಂದು ಕಾರಿನ ಅಡಿಚೌಕಟ್ಟಿಗೂ ಒಂದು ಅಂಕಿಯಿರುತ್ತದೆ. ಯಾವಾಗ ತಯಾರಾಯಿತು, ಯಾರು ಕೊಂಡರು, ಯಾವ ಪಂದ್ಯದಲ್ಲಿ ಓಡಿತು ಎಂಬ ಚರಿತ್ರೆಯೆಲ್ಲ ಆ ಅಂಕಿಯನ್ನೇ ಹಿಡಿದುಕೊಂಡಿರುತ್ತದೆ. ಸುಟ್ಟ ಮುದ್ದೆಯನ್ನು ಕೊಂಡವರು ಅಂಕಿಯನ್ನೂ ಅದರ ಚರಿತ್ರೆಯನ್ನೂ ಕೊಂಡಂತೆ. ನುರಿತ ಕೆಲಸಗಾರರು ಅದರ ಸುತ್ತ ಹೊಸ ಒಡಲನ್ನು ಬಡಿದು, ಕೆಂಪು ಬಣ್ಣ ಬಳಿದು, ಮತ್ತೆ ರಸ್ತೆಗೆ ಬಿಡಬಲ್ಲರು. ಆಗ ಅದು 1954ರ ಕಾರೋ, ಈ ಹೊತ್ತಿನ ಕಾರೋ?

ನನ್ನ ಕಸುಬಿನಿಂದ ಒಂದು ಮಾತು ಹೇಳುತ್ತೇನೆ. ಹಳೆಯ ಕಾವ್ಯಗಳ ಓಲೆಗರಿಗಳನ್ನು ಪರಿಶೋಧಿಸುವ ಸಂಪಾದಕರು ಹುಳು ತಿಂದ ಜಾಗಕ್ಕೆ ಬಂದಾಗ ಚುಕ್ಕಿಗಳನ್ನಿಟ್ಟು, ಇಲ್ಲಿ ಪಾಠ ತ್ರುಟಿತವಾಗಿದೆ ಎಂದು ಬರೆದು ಮುಂದೆ ಹೋಗುತ್ತಾರೆ. ಓದುವವನಿಗೆ ನಿರಾಸೆಯಾಗುವುದು ನಿಜ, ಮೋಸವಾಗುವುದಿಲ್ಲ. ಅದಕ್ಕೆ ಬದಲಾಗಿ ಹಿಂದಿನ ಯಾವನೋ ಜಾಣ ಲಿಪಿಕಾರ ಕಳೆದ ಪದ್ಯದ ಜಾಗಕ್ಕೆ ತನ್ನದೊಂದು ಚೆಲುವಾದ ಪದ್ಯವನ್ನು ಸೇರಿಸಿಬಿಟ್ಟಿದ್ದರೆ, ಕವಿಯದು ಯಾವುದು ಇವನದು ಯಾವುದು ಎಂದು ಬಿಡಿಸುವುದರಲ್ಲಿ ವಿದ್ವಾಂಸರ ಆಯುಸ್ಸು ಕಳೆಯುತ್ತದೆ. ಗೆದ್ದಲು ಮಾಡಿದ ಹಾನಿ ಕಣ್ಣಿಗೆ ಕಾಣುತ್ತದೆ. ಜಾಣ ಮಾಡಿದ ಹಾನಿ ಕಾಣುವುದಿಲ್ಲ.

ಹಾಗೆಂದು ದುರಸ್ತಿಯೇ ಕೂಡದೆಂದು ನಾನು ಹೇಳಲಾರೆ. ಕಾರು ಓಡುವುದಕ್ಕಾಗಿ ಹುಟ್ಟಿದ ವಸ್ತು. ಅದರ ಸದ್ದೂ ವೇಗವೂ ಅದರ ಚರಿತ್ರೆಯ ಭಾಗವೇ. ಬಹುಪಾಲು ಭಾಗಗಳು ಗಟ್ಟಿಯಾಗಿರುವಾಗ ಅದನ್ನು ಓಡಿಸದೆ ತುಕ್ಕಿಗೆ ಬಿಡುವುದು ಭಕ್ತಿಯಲ್ಲ, ಸೋಮಾರಿತನ. ಕ್ಲೈನನ ಅಂಗಳದ ಎಷ್ಟೋ ಮುರುಕುಗಳು ತಮ್ಮ ಅಂಗಾಂಗಗಳನ್ನು ಕೊಟ್ಟು ಬೇರೆ ಕಾರುಗಳನ್ನು ಬದುಕಿಸಿವೆ. ಅದೂ ಒಂದು ಪುಣ್ಯವೇ. ಉಳಿದುದಕ್ಕಿಂತ ಹೊಸದಾಗಿ ಸೇರಿಸಬೇಕಾದುದೇ ಹೆಚ್ಚಾದಾಗ ಮಾತ್ರ ಕೈ ತಡೆಯಬೇಕು. ಆಗ ನಾವು ವಸ್ತುವನ್ನು ಉಳಿಸುವುದಿಲ್ಲ. ಅದರ ಹೆಸರನ್ನು ಬೇರೊಂದಕ್ಕೆ ಇಡುತ್ತೇವೆ.

ಸರೋವರದ ಬುಗಾಟ್ಟಿಯನ್ನು ಕೊಂಡವರು ಇದನ್ನು ಅರಿತಿದ್ದರು. ಅಮೆರಿಕದ ಪೀಟರ್ ಮಲ್ಲಿನ್ ಎಂಬ ಸಂಗ್ರಾಹಕರು ಅದನ್ನು ಕ್ಯಾಲಿಫೋರ್ನಿಯದ ಆಕ್ಸ್‌ನಾರ್ಡ್ ಊರಿನ ತಮ್ಮ ಸಂಗ್ರಹಾಲಯಕ್ಕೆ ಒಯ್ದರು. ಥಳಥಳಿಸುವ ಬುಗಾಟ್ಟಿಗಳು ಅವರಲ್ಲಿ ಬೇಕಾದಷ್ಟಿದ್ದುವು. ಇದಕ್ಕೂ ಹೊಸ ಮೈ ಕೊಡಿಸುವಷ್ಟು ಹಣಕ್ಕೇನೂ ಕೊರತೆಯಿರಲಿಲ್ಲ. ಆದರೂ ಅವರು ಅದನ್ನು ನೀರಿನಿಂದ ಬಂದ ಹಾಗೆಯೇ, ತೂತುಗಳ ಸಮೇತ ಇಟ್ಟರು. ಮಲ್ಲಿನ್ 2023ರಲ್ಲಿ ತೀರಿಕೊಂಡರು. 2024ರ ಫೆಬ್ರವರಿಯಲ್ಲಿ ಸಂಗ್ರಹಾಲಯವೂ ಮುಚ್ಚಿತು. ಅದು ತೆರೆದಿದ್ದಷ್ಟು ಕಾಲ ಹೊಳೆಯುವ ಕಾರುಗಳ ನಡುವೆ ಈ ತುಕ್ಕಿನ ಅಸ್ಥಿಪಂಜರದ ಮುಂದೆ ನಿಂತವರು, ಇದಕ್ಕೇನಾಯಿತು ಎಂದು ಕೇಳದೆ ಇರುವಂತಿರಲಿಲ್ಲ. ಕೇಳಿದವರಿಗೆ ಸುಂಕದ ಕಥೆ, ಸರಪಣಿಯ ಕಥೆ, ಕೊನೆಗೆ ಆ ಇಪ್ಪತ್ತೆರಡರ ಹುಡುಗನ ಕಥೆ ಒಂದರ ಹಿಂದೊಂದು ಹೇಳಬೇಕಾಗುತ್ತಿತ್ತು. ಬಣ್ಣ ಬಳಿದಿದ್ದರೆ ಯಾರು ಕೇಳುತ್ತಿದ್ದರು? ಸಾಲಿನಲ್ಲಿ ಇನ್ನೊಂದು ಚೆಂದದ ಕಾರು ಎಂದು ಮುಂದೆ ನಡೆಯುತ್ತಿದ್ದರು.

ನಮ್ಮ ಕೊಡ ಈಗಲೂ ಮನೆಯಲ್ಲಿದೆ. ಹಬ್ಬಗಳಲ್ಲಿ ಹುಣಿಸೆಹಣ್ಣು ಹಾಕಿ ಬೆಳಗಿದರೆ ಕನ್ನಡಿಯಂತೆ ಹೊಳೆಯುತ್ತದೆ. ಬಂದವರು, "ಹೊಸದಾಗಿ ಕೊಂಡಿರೇನು?" ಎಂದು ಕೇಳುತ್ತಾರೆ. ಅಲ್ಲ, ನಮ್ಮ ಅಜ್ಜಿಯದು ಎನ್ನುತ್ತೇನೆ. ಅವರು ತಲೆಯಾಡಿಸುತ್ತಾರೆ. ನಂಬಬೇಕೆಂದು ತೋರಿಸಲು ನನ್ನ ಬಳಿ ಏನೂ ಇಲ್ಲ.