ಊಟ-ಉಪಚಾರ: ಜೇಬು ಖಾಲಿಯಾದ ನಾಯಕನಿಗೆ ಫ್ರಾಸ್ಕಾತಿ

'ರೋಮನ್ ಹಾಲಿಡೇ' (1953) ನೋಡಿದವರು ಆ ದೃಶ್ಯ ಮರೆತಿರಲಾರರು. ರಾಯಭಾರ ಕಚೇರಿಯಿಂದ ತಪ್ಪಿಸಿಕೊಂಡು ಬಂದ ರಾಜಕುಮಾರಿ ಆಡ್ರೆ ಹೆಪ್‌ಬರ್ನ್ ರೋಮಿನ ಬೀದಿಬದಿಯ ಕೆಫೆಯಲ್ಲಿ ಕೂತಿದ್ದಾಳೆ. ಏನು ಕುಡೀತೀಯ ಅಂದರೆ ಸಲೀಸಾಗಿ 'ಷಾಂಪೇನ್' ಅಂದುಬಿಡ್ತಾಳೆ! ಎದುರಿಗಿರುವ ಪತ್ರಕರ್ತ ಗ್ರೆಗರಿ ಪೆಕ್‌ನ ಮುಖ ನೋಡಬೇಕು. ಪಾಪ, ಜೇಬಿನಲ್ಲಿ ಕಾಸಿಲ್ಲ. ತನಗೆ ಕೋಲ್ಡ್ ಕಾಫಿ ಸಾಕು ಅಂತಾನೆ.

ಷಾಂಪೇನ್ ಫ್ರಾನ್ಸಿನ ಸರಕು ಸ್ವಾಮಿ, ರೋಮಿನದಲ್ಲ. ಆ ನಾಯಕ ರೋಮಿನ ಯಾವನಾದರೂ ಗಾಡಿಯವನನ್ನು ಕೇಳಿದ್ದರೆ, 'ಫ್ರಾಸ್ಕಾತಿ ತರಿಸಯ್ಯ, ನಿನ್ನ ಮಾನವೂ ಉಳಿಯುತ್ತೆ, ಕಾಸೂ ಉಳಿಯುತ್ತೆ' ಅಂದಿರೋನು. ಈ ವಾರ ಆ ಫ್ರಾಸ್ಕಾತಿಯದೇ ಕಥೆ.

ರೋಮಿನಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಆಲ್ಬನ್ ಬೆಟ್ಟಗಳ ಮೇಲೆ ಫ್ರಾಸ್ಕಾತಿ ಅನ್ನುವ ಪುಟ್ಟ ಊರಿದೆ. ಒಂದಾನೊಂದು ಕಾಲದಲ್ಲಿ ಬೆಂಕಿ ಉಗುಳುತ್ತಿದ್ದ ಜ್ವಾಲಾಮುಖಿಯ ಬೆಟ್ಟಗಳಿವು. ಆ ಬೂದಿಮಣ್ಣಿನಲ್ಲಿ ಮಾಲ್ವಾಸಿಯಾ, ತ್ರೆಬ್ಬಿಯಾನೊ ಜಾತಿಯ ಬಿಳಿ ದ್ರಾಕ್ಷಿ ಬೆಳೆಯುತ್ತೆ. ಅದರಿಂದ ಬರೋದೇ ಈ ತಿಳಿಹಳದಿ ವೈನು. ನಾಲಿಗೆಗೆ ಹಗುರ, ತುಸು ಹುಳಿ, ಕೊನೆಗೆ ಬಾದಾಮಿ ಸಿಪ್ಪೆಯಂಥ ಸಣ್ಣ ಕಹಿ. ಅಷ್ಟೇ. ಅದಕ್ಕಿಂತ ಹೆಚ್ಚಿನ ಜಂಭ ಇದಕ್ಕಿಲ್ಲ.

ಇಲ್ಲೊಂದು ಸ್ವಾರಸ್ಯ ಇದೆ ನೋಡಿ. ರೋಮಿನಿಂದ ಫ್ರಾಸ್ಕಾತಿಗೆ ಹೋಗುವ ರಸ್ತೆಯ ಹೆಸರು ವಿಯಾ ತುಸ್ಕೊಲಾನಾ. ಅದೇ ರಸ್ತೆಯ ಮೇಲೆ ಇರೋದು 1937ರಲ್ಲಿ ಶುರುವಾದ ಚಿನೆಚಿತ್ತಾ ಸ್ಟುಡಿಯೋ! 'ಬೆನ್‌ಹರ್' (1959) ಚಿತ್ರದ ರಥಗಳು ಓಡಿದ್ದು ಅಲ್ಲೇ. ಫೆಲಿನಿ ಮಹಾಶಯ 'ಲಾ ದೋಲ್ಚೆ ವೀತಾ' (1960) ಚಿತ್ರಕ್ಕಾಗಿ ರೋಮಿನ ಶೋಕಿಬೀದಿ ವಿಯಾ ವೆನೆತೊವನ್ನೇ ಸೆಟ್ ಹಾಕಿಸಿದ್ದೂ ಅಲ್ಲೇ. ತಾರೆಯರ ಬೆನ್ನು ಹತ್ತುವ ಫೋಟೋಗ್ರಾಫರಿಗೆ 'ಪಾಪರಾಜಿ' ಅನ್ನುವ ಹೆಸರು ಬಂದದ್ದು ಆ ಚಿತ್ರದ ಒಂದು ಪಾತ್ರದಿಂದ ಅನ್ನೋದು ನಿಮಗೆ ಗೊತ್ತೇ ಇದೆ. ಬಣ್ಣದ ಲೋಕವೂ ದ್ರಾಕ್ಷಿ ತೋಟವೂ ಒಂದೇ ರಸ್ತೆಯ ನೆಂಟರು!

ಆದರೆ ಈ ವೈನು ಹುಟ್ಟಾ ಬಡವರ ಮನೆಯದು. ಅಲ್ಲಿನ ಹಳೇ ಪಡಖಾನೆಗಳಿಗೆ 'ಫ್ರಸ್ಕೆತ್ತಾ' ಅಂತ ಹೆಸರು. ಹೊಸ ವೈನು ಬಂತು ಅಂತ ತಿಳಿಸೋಕೆ ಬಾಗಿಲಿಗೆ ಒಂದು ಹಸಿರು ಕೊಂಬೆ ಕಟ್ಟುತ್ತಿದ್ದರು, ಅದರಿಂದ ಬಂದ ಹೆಸರು. ಒಳಗೆ ಸಿಗುತ್ತಿದ್ದದ್ದು ವೈನು ಮಾತ್ರ. ಊಟದ ಗಂಟು ಗಿರಾಕಿಯೇ ಮನೆಯಿಂದ ಕಟ್ಟಿಕೊಂಡು ಬರಬೇಕು. ಅಳತೆಗಳ ಹೆಸರು ಕೇಳಿದರೆ ನಗು ಬರುತ್ತೆ. ಅರ್ಧ ಲೀಟರಿಗೆ 'ಫೊಯೆತ್ತಾ'. ಲೀಟರಿನ ಹತ್ತನೇ ಒಂದು ಭಾಗಕ್ಕೆ 'ಸೊಸ್ಪೀರೊ', ಅಂದರೆ ನಿಟ್ಟುಸಿರು! ಜೇಬಿಗೆ ಅಷ್ಟೇ ಗತಿ ಅಂದವನು ಬಿಡುವ ಉಸಿರೇ ಅಳತೆಯ ಹೆಸರಾಯಿತು.

ಈಗ ಮುಖ್ಯ ವಿಷಯ. ಇದರ ಜೊತೆ ತಿನ್ನೋಕೆ ಏನು ಬಡಿಸಬೇಕು?

ಕರಿದದ್ದು, ಉಪ್ಪಾದದ್ದು. ಇಷ್ಟು ನೆನಪಿಟ್ಟರೆ ಸಾಕು. ಕರಿದ ಮೀನಿಗೆ ನಾವು ನಿಂಬೆಹಣ್ಣು ಹಿಂಡೋದಿಲ್ಲವೆ? ಎಣ್ಣೆಯ ಜಿಡ್ಡನ್ನು ಹುಳಿ ತೊಳೆಯುತ್ತೆ. ಫ್ರಾಸ್ಕಾತಿ ಮಾಡೋ ಕೆಲಸವೂ ಅದೇ. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನನ್ನು ನೆನೆಸಿ, ಹಿಟ್ಟಿನಲ್ಲಿ ಅದ್ದಿ ಕರಿದರೆ ರೋಮಿನವರ 'ಬಕ್ಕಲಾ'. ಆರ್ಟಿಚೋಕ್ ಅನ್ನುವ ಮುಳ್ಳುಗಿಡದ ಮೊಗ್ಗನ್ನು ಹೂವಿನ ಹಾಗೆ ಅರಳಿಸಿ ಗರಿಗರಿಯಾಗಿ ಕರಿದರೆ ಅಲ್ಲಿನ ಯಹೂದಿ ಕೇರಿಯ ಖಾದ್ಯ. ಆರ್ಟಿಚೋಕ್ ತಿಂದ ಬಾಯಿಗೆ ನೀರು ಕೂಡ ಸಿಹಿ ಅನ್ನಿಸುತ್ತೆ. ದುಬಾರಿ ವೈನುಗಳ ರುಚಿಯೂ ಅಲ್ಲಿ ಎಡವುತ್ತೆ. ಈ ಹಗುರ ಹುಡುಗ ಮಾತ್ರ ಹೇಗೋ ಸಂಭಾಳಿಸಿಕೊಂಡು ಹೋಗ್ತಾನೆ.

ಪಕ್ಕದ ಅರಿಚ್ಚಾ ಊರಿನ ಪೊರ್ಕೆತ್ತಾ ಇದ್ದರಂತೂ ಹಬ್ಬ. ಹಂದಿಯ ಮೂಳೆ ತೆಗೆದು, ಬೆಳ್ಳುಳ್ಳಿ, ರೋಸ್‌ಮರಿ, ಕರಿಮೆಣಸು ತುಂಬಿ ಇಡಿಯಾಗಿ ಸುಟ್ಟದ್ದು. ಮಾಂಸ ಬೇಡ ಅನ್ನೋರಿಗೆ ಕುರಿಹಾಲಿನ ಪೆಕೊರೀನೊ ಚೀಸು, ಕರಿಮೆಣಸು ಹಾಕಿ ಕಲಸಿದ ಪಾಸ್ತಾ. ಮೇ 1ರಂದು ರೋಮಿನವರು ಊರಾಚೆ ಹೋಗಿ ಹಸೀ ಬೀನ್ಸ್ ಕಾಳು ಬಿಡಿಸಿಕೊಂಡು ಅದೇ ಚೀಸಿನ ಜೊತೆ ತಿನ್ನುತ್ತಾರೆ. ಜೊತೆಗೆ ಈ ವೈನು. ಒಲೆ ಹಚ್ಚುವ ಗೋಜೂ ಇಲ್ಲ! ಖಾರದ ಸಾರಿನ ಮುಂದೆ ಮಾತ್ರ ಇದನ್ನು ಇಡಬೇಡಿ. ಮೆಣಸಿನಕಾಯಿ ಬಾಯಿ ತೆರೆದರೆ ಪಾಪ, ಇದರ ದನಿ ಕೇಳಿಸೋದೇ ಇಲ್ಲ.

ಬಾಟ್ಲಿಯನ್ನು ಒಂದೆರಡು ಗಂಟೆ ಫ್ರಿಜ್ಜಿನಲ್ಲಿಡಿ. 8ರಿಂದ 10 ಡಿಗ್ರಿ ತಂಪು ಸಾಕು. ಗ್ಲಾಸಿಗೆ ಐಸ್ ಹಾಕಿ ನೀರು ಮಾಡಬೇಡಿ. 'ವೈನು ಹಳೇದಾದಷ್ಟೂ ಒಳ್ಳೇದು' ಅನ್ನೋ ಮಾತು ಇದಕ್ಕೆ ಒಪ್ಪೋದಿಲ್ಲ. ಸಾಧಾರಣ ಫ್ರಾಸ್ಕಾತಿಯನ್ನು ಒಂದೆರಡು ವರ್ಷದೊಳಗೇ ಕುಡಿದು ಮುಗಿಸಬೇಕು.

ಇನ್ನು ಈ ಕಥೆಯ ಟ್ರಾಜಿಡಿ. 1943ರ ಸೆಪ್ಟೆಂಬರ್ 8ರಂದು ಫ್ರಾಸ್ಕಾತಿಯ ಮೇಲೆ ಬಾಂಬಿನ ಮಳೆ ಸುರಿಯಿತು. ಜರ್ಮನ್ ಸೇನೆಯ ಮುಖ್ಯ ಠಾಣೆ ಅಲ್ಲಿತ್ತು. ನೂರಾರು ಜನ ಸತ್ತರು. ಆ ಏಟನ್ನೂ ತಡೆದುಕೊಂಡು ಎದ್ದ ಊರು ಅದು. ಮುಂದೆ ಅದರ ವೈನಿಗೆ ಏಟು ಕೊಟ್ಟದ್ದು ಯಾವುದು ಗೊತ್ತೆ? ಹೆಸರು!

ಪ್ರವಾಸಿಗಳು ಬಂದರು, ಪರದೇಶದಿಂದ ಬೇಡಿಕೆ ಬಂತು. ಹಳೇ ಫ್ರಾಸ್ಕಾತಿ ಊರು ಬಿಟ್ಟರೆ ಬೇಗ ಕೆಡುತ್ತಿತ್ತು. ಹೊಸ ಯಂತ್ರಗಳು ಅದನ್ನು ಸೋಸಿ, ತಣಿಸಿ, ಕೆಡದ ಹಾಗೆ ಮಾಡಿದವು. ಆದರೆ ಸೋಸಿದ್ದರಲ್ಲಿ ರುಚಿಯೂ ಹೋಯಿತು. ಹೇರಳವಾಗಿ ಬಿಡುವ ತ್ರೆಬ್ಬಿಯಾನೊ ಹೆಚ್ಚಾಯಿತು, ಪರಿಮಳದ ಮಾಲ್ವಾಸಿಯಾ ಹಿಂದೆ ಸರಿಯಿತು. ವರ್ಷಕ್ಕೆ ಹನ್ನೆರಡು ಚಿತ್ರ ಒಪ್ಪಿಕೊಂಡು ಎಲ್ಲದರಲ್ಲೂ ಒಂದೇ ಮುಖ ತೋರಿಸುವ ನಾಯಕನ ಕಥೆಯೇ ಇದು. ಚಿತ್ರ ಓಡುತ್ತೆ, ಅಭಿನಯ ಸಾಯುತ್ತೆ.

ಸಮಾಧಾನದ ಸುದ್ದಿಯೂ ಇದೆ. 1966ರಲ್ಲೇ ಸರ್ಕಾರದ ಮುದ್ರೆ ಪಡೆದಿದ್ದ ಈ ವೈನಿನ 'ಸುಪೆರಿಯೋರೆ' ದರ್ಜೆಗೆ 2011ರಲ್ಲಿ ಇಟಲಿಯ ಅತಿ ಎತ್ತರದ ಮುದ್ರೆ ಸಿಕ್ಕಿತು. ನೂರಕ್ಕೆ ಎಪ್ಪತ್ತು ಪಾಲಾದರೂ ಮಾಲ್ವಾಸಿಯಾ ಇರಲೇಬೇಕು ಅನ್ನೋದು ಅದರ ಕಟ್ಟಳೆ. ಆದ್ದರಿಂದ ಕೊಳ್ಳುವವರು ಚೀಟಿಯ ಮೇಲೆ 'ಸುಪೆರಿಯೋರೆ' ಅನ್ನುವ ಮಾತು ಇದೆಯೇ, ದ್ರಾಕ್ಷಿ ಕಿತ್ತ ವರ್ಷ ಹತ್ತಿರದ್ದೇ, ಎರಡನ್ನೂ ನೋಡಲಿ. ಕುಡಿಯದವರು? ಅವರಿಗೆ ಕಥೆಯೇ ಸಾಕು!

ಪೆಕ್ ಮಹಾಶಯನಿಗೆ ಈ ಗುಟ್ಟು ಗೊತ್ತಿದ್ದರೆ ಕೋಲ್ಡ್ ಕಾಫಿಗೆ ಶರಣಾಗಬೇಕಿತ್ತೆ, ನೀವೇ ಹೇಳಿ. ರಾಜಕುಮಾರಿಗೊಂದು ಫೊಯೆತ್ತಾ ತರಿಸಿ, ತಾನೊಂದು ನಿಟ್ಟುಸಿರು ಹಿಡಿದು ಕೂರಬಹುದಿತ್ತು!